ನೇರಿಯೋ ಪಾರ್ಮಾಕ್ಕೆ ಹೊರಟಿದ್ದು

ನಮ್ಮ ಮೊಡೆನಾದಿಂದ ಪಾರ್ಮಾಕ್ಕೆ ರೈಲಿನಲ್ಲಿ ಅರ್ಧ ಗಂಟೆ. ನನ್ನ ತಮ್ಮ ನೇರಿಯೋಗೆ ಅಲ್ಲಿಗೆ ಹೋಗಲು ಎರಡು ವರ್ಷ ಹಿಡಿಯಿತು. ತಪ್ಪು ರೈಲಿನದಲ್ಲ, ಸಂತರದು.

ನೇರಿಯೋ ಕ್ಷೌರಿಕ. ಹರೆಯದಲ್ಲಿ ಒಮ್ಮೆ ಅಂಗಡಿಗೆ ತಿರುಗುವ ಕುರ್ಚಿ ತರುತ್ತೇನೆಂದು ಮಿಲಾನಿಗೆ ಹೋಗಿದ್ದ. ಅವತ್ತು ಅಲ್ಲಿ ಆ ಊರು ಕಾಯುವ ಸಂತ ಅಂಬ್ರೋಜೋನ ಹಬ್ಬ, ಅಂಗಡಿಗಳಿಗೆಲ್ಲ ಬೀಗ. ಕುರ್ಚಿ ಮಾರುವವನು ಬಾಗಿಲು ಹಾಕಿ ಹೆಂಡತಿಯ ತವರಿಗೆ ಹೋಗಿದ್ದ. ಇವನು ಕಾಲು ಊದಿಸಿಕೊಂಡು ಬರಿಗೈಯಲ್ಲಿ ಬಂದ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ಅಂದಿನಿಂದ ಯಾವ ಊರಿಗೆ ಯಾವ ಸಂತ, ಯಾವತ್ತು ಹಬ್ಬ ಎಂಬುದನ್ನೆಲ್ಲ ಬಾಯಿಪಾಠ ಮಾಡಿದ. ಕ್ಷೌರಕ್ಕೆ ಕೂತವರು ಪ್ರಯಾಣದ ಮಾತೆತ್ತಿದರೆ ಸಾಕು, ಕತ್ತಿಯನ್ನು ಗಂಟಲ ಹತ್ತಿರ ನಿಲ್ಲಿಸಿ, "ಅವತ್ತು ಮಾತ್ರ ಹೋಗ್ಬೇಡಿ" ಎನ್ನುತ್ತಿದ್ದ. ಗಂಟಲ ಮೇಲೆ ಕತ್ತಿ ಇರುವಾಗ ವಾದ ಮಾಡುವವರು ಯಾರು? ಊರವರ ಪ್ರಯಾಣವೆಲ್ಲ ಇವನೇ ಗೊತ್ತುಮಾಡುತ್ತಿದ್ದ. ತಾನು ಮಾತ್ರ ಬೀದಿಯ ಕೊನೆ ದಾಟುತ್ತಿರಲಿಲ್ಲ.

ಹೀಗಿರುವಾಗ ಈರ್ಮಾ ಬಂದಳು. ಪಾರ್ಮಾದಲ್ಲಿ ಗುಂಡಿ, ದಾರದ ಅಂಗಡಿ ಇಟ್ಟಿರುವ ವಿಧವೆ. ನಮ್ಮ ಬೀದಿಯ ನೆಂಟರ ಮನೆಗೆ ಬಂದಾಗ ಪರಿಚಯ. ಅವಳನ್ನು ಕಂಡರೆ ನೇರಿಯೋ ಸೋಪಿನ ನೊರೆಯ ಹಾಗೆ ಕರಗುತ್ತಿದ್ದ. ಅವಳಿಗೂ ಮನಸ್ಸಿತ್ತು. ಆದರೆ ಒಂದೇ ಷರತ್ತು: "ನಮ್ಮನೆಗೆ ಬಂದು ನಮ್ಮಮ್ಮನ ಎದುರಿಗೆ ಕೇಳು."

ಐವತ್ತೆರಡು ವರ್ಷದ ಗಂಡಸಿಗೆ ಅಷ್ಟೂ ಮಾಡಲಾಗದೇ?

"ಜನವರೀಲಿ ಆಗಲ್ಲ ಅಕ್ಕ. ಪಾರ್ಮಾದಲ್ಲಿ ಸಂತ ಇಲಾರಿಯೋ ಹಬ್ಬ. ಊರೆಲ್ಲಾ ಬೂಟಿನ ಆಕಾರದ ಬಿಸ್ಕತ್ತು ತಿಂತಾ ಕೂತಿರುತ್ತೆ."

"ಅದು ಒಂದು ದಿನ ಕಣೋ!"

"ಆಮೇಲೆ ಉಪವಾಸದ ಕಾಲ, ಮದುವೆ ಮಾತು ಎತ್ತಬಾರದು. ಮೇ ತಿಂಗಳು ಮಾತೆ ಮರಿಯಳದು. ಆಗಸ್ಟಲ್ಲಿ ಇಡೀ ದೇಶ ರಜೆ ಹಾಕಿ ಸಮುದ್ರದಲ್ಲಿ ಬಿದ್ದಿರುತ್ತೆ. ನವೆಂಬರ್ ಸತ್ತವರದು."

"ಹೀಗೇ ಇರು. ನೀನೂ ಆ ನವೆಂಬರಿಗೇ ಸೇರ್ತೀಯ."

ಕೋಪದಲ್ಲಿ ಅಂದುಬಿಟ್ಟೆ, ಆದರೆ ನನಗೆ ನಿಜವಾಗಿಯೂ ಭಯವಿತ್ತು. ನಾನು ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವಳು. ಒಂಟಿತನ ಎಂಥದ್ದೆಂದು ನನಗೆ ಗೊತ್ತು. ಅದು ಅವನಿಗೆ ಬೇಡ ಅನ್ನಿಸುತ್ತಿತ್ತು.

ಹೊಸ ವರ್ಷ ಕಳೆದ ಮೇಲೆ ಈರ್ಮಾ ನನಗೆ ಫೋನು ಮಾಡಿದಳು. "ಟೋಸ್ಕಾ, ಅಂಗಡಿ ಮುಚ್ಚಿ ಅಮ್ಮನ್ನೂ ಕರ್ಕೊಂಡು ತೊರೀನೋಗೆ ಬಂದ್ಬಿಡು ಅಂತ ನನ್ನ ತಂಗಿ ಕರೀತಿದಾಳೆ. ಈ ತಿಂಗಳು ಮುಗಿಯೋದ್ರೊಳಗೆ ನಿನ್ನ ತಮ್ಮ ಬರ್ಲಿಲ್ಲ ಅಂದ್ರೆ ನಾನು ಹೊರಟೆ."

ನೇರಿಯೋ ಕ್ಯಾಲೆಂಡರಿನ ಮುಂದೆ ಕೂತ. ತಿಂಗಳ ಕೊನೆಯ ದಿನ ನಮ್ಮೂರಿನ ಸಂತ ಜೆಮಿನಿಯಾನೋನ ಹಬ್ಬ. ಮೊಡೆನಾ ಮುಚ್ಚಿರುತ್ತದೆ, ಪಾರ್ಮಾ ತೆರೆದಿರುತ್ತದೆ. ಇದಕ್ಕಿಂತ ಒಳ್ಳೆಯ ದಿನವಿಲ್ಲವೆಂದು ಕುಣಿದವನ ಮುಖ ಮರುಕ್ಷಣ ಜೋತುಬಿತ್ತು.

"ಅಕ್ಕ, ಅವತ್ತು ಶುಕ್ರವಾರ."

ಶುಕ್ರವಾರ, ಮಂಗಳವಾರ ಮದುವೆಯಾಗಬಾರದು, ಪ್ರಯಾಣ ಹೊರಡಬಾರದು ಎನ್ನುವುದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. "ಹಾಗಾದ್ರೆ ಗುರುವಾರವೇ ನಡಿ, ನಾನೂ ಬರ್ತೀನಿ" ಎಂದು ಆ ದಿನ ಅಂಗಡಿ ಬೇಗ ಮುಚ್ಚಿಸಿ, ಕೋಟಿನ ತೋಳು ಹಿಡಿದು ಎಳೆದುಕೊಂಡು ಹೋದೆ.

ಈರ್ಮಾಳ ತಾಯಿ ಎರ್ಸೀಲಿಯಾ ತೊಂಬತ್ತು ದಾಟಿದ ಮುದುಕಿ. ನಮಗೆಂದು ಮಾಂಸದ ಸಾರಿನಲ್ಲಿ ಪುಟ್ಟ ಕಡುಬು ಬೇಯಿಸಿದ್ದಳು. ನೇರಿಯೋ ಎರಡು ತಟ್ಟೆ ಮುಗಿಸಿದ, ಸಿಸಿಲಿಯ ಹಬ್ಬಗಳನ್ನೆಲ್ಲ ವರ್ಣಿಸಿದ. ಬಂದ ಕೆಲಸದ ಸುದ್ದಿಯೇ ಇಲ್ಲ. ನಾನು ತಡೆಯಲಾರದೆ ಮೇಜಿನ ಕೆಳಗೆ ಒದ್ದೆ.

"ಒದೆಯೋದಾದ್ರೆ ಅವನಿಗೆ ಒದಿ ಕಣಮ್ಮ," ಎಂದಳು ಮುದುಕಿ, "ಇದು ನನ್ನ ಕಾಲು."

ನೇರಿಯೋ ಕೆಂಪಾದ. "ನಾಳೆ ಕೇಳೋಣ ಅಂತಿದ್ದೆ. ಅಲ್ಲ, ನಾಳೆ ಶುಕ್ರವಾರ, ಶನಿವಾರ ಅಂದ್ರೆ..."

ಈರ್ಮಾ ಚಮಚ ಕೆಳಗಿಟ್ಟಳು. "ನಾಳೆ ಬೆಳಿಗ್ಗೆ ಲಾ ಸ್ಪೇಜಿಯಾಕ್ಕೆ ರೈಲಿದೆ. ನಾನು ಸಮುದ್ರ ನೋಡಕ್ಕೆ ಹೋಗ್ತೀನಿ. ಅಲ್ಲಿ ಯಾವ ಸಂತ, ಯಾವ ಬಾಗಿಲು ಮುಚ್ಚಿದೆ, ನಂಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ನೀನು ರೈಲು ಹತ್ತಿದ್ರೆ, ಕೇಳದೇನೇ ನನ್ನ ಉತ್ತರ ಹೌದು. ಹತ್ತದೆ ಇದ್ರೆ ತೊರೀನೋ."

"ಶುಕ್ರವಾರ ಈರ್ಮಾ!"

"ಗೊತ್ತು. ನನ್ನ ಮೊದಲನೇ ಮದುವೆ ಭಾನುವಾರ ಆಯ್ತು, ಪಾದ್ರಿ ಆರಿಸಿಕೊಟ್ಟ ದಿನ. ಮೂರು ವರ್ಷಕ್ಕೆ ಗಂಡನ್ನ ಮಣ್ಣು ಮಾಡಿದೆ."

ಮುದುಕಿ ಎದ್ದು ನಮ್ಮಿಬ್ಬರಿಗೂ ರಾತ್ರಿಗೆ ಅಲ್ಲೇ ಹಾಸಿಗೆ ಹಾಸಿದಳು.

ಬೆಳಿಗ್ಗೆ ಸ್ಟೇಷನ್ನಿನಲ್ಲಿ ದಟ್ಟ ಮಂಜು. ನೇರಿಯೋನ ಮುಖ ಸುಣ್ಣ ಬಳಿದ ಹಾಗಿತ್ತು. ಈರ್ಮಾ ಹಿಂದೆ ತಿರುಗಿಯೂ ನೋಡದೆ ರೈಲು ಹತ್ತಿ ಕೂತಳು. ಸಿಳ್ಳೆ ಬಿತ್ತು. ಇವನು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ, ಇಟಲಿಯ ಸಂತರನ್ನೆಲ್ಲ ಸಾಲಾಗಿ ಕರೆದ, ಕಣ್ಣು ಮುಚ್ಚಿ ಮೆಟ್ಟಿಲ ಮೇಲೆ ಕಾಲಿಟ್ಟ. ರೈಲು ಚಲಿಸುವಾಗ ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕಾ, ಲಾ ಸ್ಪೇಜಿಯಾದಲ್ಲಿ ಇವತ್ತು..." ಎಂದ. ಈರ್ಮಾ ಅವನನ್ನು ಒಳಗೆಳೆದು ಕಿಟಕಿ ಮುಚ್ಚಿದಳು. ನಾನು ನಕ್ಕೆ, ಆಮೇಲೆ ಅತ್ತೆ. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಕಣ್ಣೊರೆಸಿಕೊಂಡು ಮೊಡೆನಾಕ್ಕೆ ಟಿಕೆಟ್ ಕೊಳ್ಳಲು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು.

"ಎಲ್ಲಿಗಮ್ಮಾ?"

ಮೊಡೆನಾ ಎನ್ನಲು ಬಾಯಿ ತೆರೆದೆ, ತಟ್ಟನೆ ನೆನಪಾಯಿತು. ಶುಕ್ರವಾರ. ನಮ್ಮ ಮನೆಗೇ ತಾನೆ ಹೋಗುವುದು, ಏನಾಗುತ್ತದೆ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಮನಸ್ಸು ಕೇಳಬೇಕಲ್ಲ.

"ಏನಿಲ್ಲಪ್ಪ, ಗಂಟೆ ಎಷ್ಟು ಅಂತ ಕೇಳಣ ಅಂತ ಬಂದೆ" ಎಂದು ಹೊರಬಿದ್ದೆ.

ಎರ್ಸೀಲಿಯಾ ಬಾಗಿಲು ತೆರೆದು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಒಳಗೆ ಬಾ," ಎಂದಳು. "ನಿನ್ನ ಹಾಸಿಗೆ ಮಡಚೇ ಇಲ್ಲ."