ಸರೋಜಕ್ಕನ ಚೌಕಾಬಾರ

ಬಳ್ಳಾರಿ ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡಿನಲ್ಲಿ ನನ್ನದು ಚೆಕಿಂಗ್ ಕೆಲಸ. ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವ ನನ್ನ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ. ಆದರೂ ಸರೋಜಕ್ಕನ ವಿಷಯ ಹೇಳಲೇಬೇಕು.

ಅವಳು ರಾರಾವಿ ಹಳ್ಳಿಯವಳು. ಮದುವೆಯಾಗಿ ಬಳ್ಳಾರಿಗೆ ಬಂದು, ಹೊಲಿಗೆ ಕಲಿತು, ಈಗ ಶೆಡ್ಡಿಗೆ ಹೊಸದಾಗಿ ಸೇರುವ ಹೆಂಗಸರಿಗೆ ಕಲಿಸುತ್ತಾಳೆ. ಮೋಕ, ಕುರುಗೋಡು ಕಡೆಯಿಂದ ಬಸ್ಸು ಹಿಡಿದು ಬರುತ್ತಿದ್ದವರು ಮೊದಲೆಲ್ಲ ವಾರ ಕಳೆಯುವುದರೊಳಗೆ ಓಡಿಹೋಗುತ್ತಿದ್ದರು. ಕಲಿಸುವುದೆಂದರೆ ಬೈಯುವುದು ಅಂತಲೇ ನಾವೆಲ್ಲ ತಿಳಿದಿದ್ದೆವು.

ಊಟದ ಹೊತ್ತಿನಲ್ಲಿ ಅದೇ ಹೆಂಗಸರು ನೆಲದ ಮೇಲೆ ಗೆರೆ ಎಳೆದು ಚೌಕಾಬಾರ ಆಡುತ್ತಿದ್ದರು. ಒಂದು ದಿನ ಸರೋಜಕ್ಕ ತುತ್ತು ಕೈಯಲ್ಲೇ ಹಿಡಿದು ಕೇಳಿದಳು: “ಅಲ್ಲಲೇ ಅನಿತಾ, ಕಾಯಿ ಹೊಡಿಸಿಕೊಂಡ್ರ ಇವ್ರು ನಗ್ತಾರ, ಮತ್ತ ಕವಡಿ ಹಿಡೀತಾರ. ಹೊಲಿಗಿ ತಪ್ಪಿದ್ರ ಯಾಕ ಅಳ್ತಾರ?”

“ಆಟದಾಗ ನಾ ಬೈಯಂಗಿಲ್ಲಲ್ಲ,” ಅಂದೆ ತಮಾಷೆಗೆ.

ಅವಳು ನಗಲಿಲ್ಲ. ಮರುದಿನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆಗಳನ್ನು ಬರೆದಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಜೀನ್ಸ್ ಗುಂಡಿಯೇ ಕಾಯಿ. ಮೊದಲ ಮನೆಗಳಿಗೆ ಚಿಂದಿಯ ಮೇಲೆ ನೇರ ಹೊಲಿಗೆ, ಆಮೇಲೆ ಜೇಬು, ಆಮೇಲೆ ಜಿಪ್. ನಾನು ಪಾಸ್ ಮಾಡಿದರೆ ಗುಂಡಿ ಮುಂದಕ್ಕೆ. ಇಲ್ಲವಾದರೆ ಬಿಚ್ಚಿ ಮತ್ತೆ ಹೊಲಿಯುವುದು. ಬೈಗುಳ ಮಾತ್ರ ಬಂದ್. ಒಳಮನೆಗಳನ್ನು ಸುತ್ತಿ ನಡುಮನೆ ಸೇರಿ ಯಾರ ಗುಂಡಿ ಹಣ್ಣಾಯಿತೋ, ಅವಳಿಗೆ ಹೊಲಿಗೆಯ ಲೈನಿನಲ್ಲಿ ಖಾಯಂ ಮಿಷನ್, ಖಾಯಂ ಕೆಲಸ. ನಾನು ಮೂಗು ಮುರಿದೆ. ಆದರೆ ಆ ಸಲ ಯಾರೂ ಓಡಿಹೋಗಲಿಲ್ಲ.

ಎಡವಟ್ಟಾದದ್ದು ಒಂದೇ ಕಡೆ. ಚೌಕಾಬಾರದಲ್ಲಿ ಇನ್ನೊಬ್ಬರ ಕಾಯಿ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಆ ನಿಯಮ ಬೇಕೇ ಬೇಕೆಂದು ಹೆಂಗಸರು ಹಟ ಹಿಡಿದರು. “ಹೊಡಿಯಂಗಿಲ್ಲ ಅಂದ್ರ ಅದೆಂಥ ಚೌಕಾಬಾರ?” ಸರೋಜಕ್ಕ ಒಪ್ಪಿಬಿಟ್ಟಳು: ಇನ್ನೊಬ್ಬಳ ಹೊಲಿಗೆಯಲ್ಲಿ ತಪ್ಪು ಹಿಡಿದರೆ ಅವಳ ಗುಂಡಿ ಮೊದಲ ಮನೆಗೆ ವಾಪಸ್, ಹಿಡಿದವಳಿಗೆ ಒಳಮನೆಯ ದಾರಿ. ಶುರುವಾಯಿತು ನೋಡಿ! ಹೊಲಿದದ್ದನ್ನು ಯಾರಿಗೂ ತೋರಿಸದೆ ಸೆರಗಿನಲ್ಲಿ ಮುಚ್ಚಿಕೊಳ್ಳತೊಡಗಿದರು. ಎಲ್ಲರ ಕೈಗೂ ಸುಲಭವಾಗಿ ಸಿಕ್ಕವಳು ಮೋಕದ ಯಂಕಮ್ಮ.

ಯಂಕಮ್ಮ ಭತ್ತದ ನಾಟಿ ಮಾಡುತ್ತಿದ್ದವಳು. ಮಂಡಿನೋವಿಗೆ ಕೆಸರಿಗೆ ಇಳಿಯಲಾಗದೆ ಇಲ್ಲಿಗೆ ಬಂದಿದ್ದಳು. ಅವಳ ಜಿಪ್ ಹೊಲಿಗೆ ಪ್ರತಿ ಸಲವೂ ತಿರುವಿನಲ್ಲಿ ದಾರಿ ತಪ್ಪುತ್ತಿತ್ತು, ಯಾರಾದರೂ ಹಿಡಿಯುತ್ತಿದ್ದರು, ಗುಂಡಿ ವಾಪಸ್. ಅಷ್ಟರಲ್ಲಿ ಶೆಡ್ಡಿನ ಸಾಹುಕಾರ ತಿಪ್ಪೇರುದ್ರಪ್ಪನವರು ಹೇಳಿಬಿಟ್ಟರು: ಶನಿವಾರ ಬೆಲ್ ಹೊಡೆಯುವುದರೊಳಗೆ ಹಣ್ಣಾಗದವರು ಸೋಮವಾರ ಬರಬೇಕಿಲ್ಲ.

ಗುರುವಾರ ಯಂಕಮ್ಮ ತನ್ನ ಗುಂಡಿಯನ್ನು ಸರೋಜಕ್ಕನ ಕೈಗಿಟ್ಟಳು. “ಇದನ್ನ ಯಾವುದಾರ ಪ್ಯಾಂಟಿಗಿ ಹಚ್ರಿ ಅಕ್ಕ. ನನ್ನ ಹಣಿಬರ ಕೆಸರಾಗ ಐತಿ.”

ಸರೋಜಕ್ಕ ಗುಂಡಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಅದನ್ನು ಮತ್ತೆ ಮೇಜಿನ ಮೇಲಿಟ್ಟು ಹೇಳಿದಳು: “ಇವತ್ತಿಂದ ಹೊಡಿಯೋದಿಲ್ಲ, ಎತ್ತೋದು. ಹಿಂದ ಬಿದ್ದಾಕಿಗಿ ಕಲಿಸಿ, ಆಕಿ ಕೆಲಸ ಪಾಸ್ ಮಾಡಿಸಿದ್ರನ ಒಳಮನಿ. ಒಳಗ ಹೋದವ್ರೂ ಹೊರಗ ಬರ್ರಿ.”

ಗೊಣಗಿದರು. ಆಮೇಲೆ ಯಂಕಮ್ಮನ ಮಿಷನ್ ಸುತ್ತ ನುಗ್ಗಿದರು. ಕುರುಗೋಡಿನ ಗಂಗೋತ್ರಿ ಬಗ್ಗಿ ನೋಡಿ ಕೂಗಿದಳು, “ಅಯ್ಯ ಯವ್ವಾ, ನೋವಿರೋ ಕಾಲಿಂದನ ತುಳೀತಿಯಲ್ಲ! ಎಡಗಾಲು ಇಡಬೇ.” ನೋವಿನ ಕಾಲು ಹಿಡಿತಕ್ಕೆ ಸಿಗದೆ ಮಿಷನ್ ಓಡಿಬಿಡುತ್ತಿತ್ತು. ನಾವ್ಯಾರೂ ಮಿಷನ್ ಕೆಳಗೆ ನೋಡಿರಲೇ ಇಲ್ಲ. ಉಳಿದವರೂ ಜೋಡಿ ಜೋಡಿಯಾಗಿ ಒಬ್ಬರನ್ನೊಬ್ಬರು ಎತ್ತತೊಡಗಿದರು.

ಶನಿವಾರ ಸಂಜೆಯ ಹೊತ್ತಿಗೆ ಯಂಕಮ್ಮನ ಜಿಪ್ಪನ್ನು ಬೆಳಕಿಗೆ ಹಿಡಿದು, ಎಳೆದು, ಮಗುಚಿ ನೋಡಿದೆ. ಪಾಸ್. ಗಂಗೋತ್ರಿ ಕುಣಿದಳು. ಆಗಲೇ ಎಲ್ಲರಿಗೂ ಹೊಳೆದದ್ದು: ಯಂಕಮ್ಮ ಇನ್ನೂ ಯಾರನ್ನೂ ಎತ್ತಿಲ್ಲ. ಮಿಕ್ಕವರೆಲ್ಲ ಹಣ್ಣಾಗಿದ್ದರು, ಹಿಂದೆ ಬಿದ್ದವರೇ ಉಳಿದಿರಲಿಲ್ಲ.

“ಆಕಿಗೊಂದು ಮಾಫಿ ಮಾಡ್ರಿ ಅಕ್ಕ,” ಅಂದಳು ಗಂಗೋತ್ರಿ.

“ಮಾಫಿ ಒಲ್ಲೆ,” ಅಂದಳು ಯಂಕಮ್ಮ.

ಸರೋಜಕ್ಕ ನನ್ನ ಕಡೆ ತಿರುಗಿದಳು. “ಅನಿತಾ, ನಿನಗ ಹೊಲಿಯಾಕ ಬರ್ತೈತೇನ?”

ಬರುವುದಿಲ್ಲ. ಇಷ್ಟು ವರ್ಷ ತಪ್ಪು ಹಿಡಿದೆನೇ ಹೊರತು ಮಿಷನ್ ಮುಟ್ಟಿದವಳಲ್ಲ. ಎಲ್ಲರ ಮುಂದೆ ಮರ್ಯಾದೆ ಹೋಗುತ್ತದೆಂದು ಸಿಟ್ಟೇ ಬಂತು, ಆದರೂ ಕೂತೆ. ಬೆಲ್ ಹೊಡೆಯುವ ಹೊತ್ತು ಹತ್ತಿರವಾಗಿತ್ತು. ಯಂಕಮ್ಮ ಪಕ್ಕದಲ್ಲಿ ನಿಂತು, “ನಿಧಾನ್ರಿ, ಗಾಬರಿ ಆಗಬ್ಯಾಡ್ರಿ,” ಎನ್ನುತ್ತ ಚಿಂದಿಯ ಮೇಲೆ ಹೊಲಿಸಿದಳು. ಹೊಲಿಗೆ ಸೊಟ್ಟಂಪಟ್ಟ ಬಂತು.

“ನಿಂದು ನೀನ ಚೆಕ್ ಮಾಡಂಗಿಲ್ಲ,” ಅಂದಳು ಸರೋಜಕ್ಕ. “ಯಂಕಮ್ಮ ಹೇಳಲಿ.”

ಪಾಸ್ ಎಂದರೆ ಮುಗಿಯಿತು, ಕೆಲಸ ಅವಳದು, ಕೆಸರಿನ ಮಾತೇ ಇಲ್ಲ. ಹೆಂಗಸರೆಲ್ಲ ಅವಳಿಗೆ ಕಣ್ಸನ್ನೆ ಮಾಡುತ್ತಿದ್ದರು. ಯಂಕಮ್ಮ ಚಿಂದಿಯನ್ನು ಬೆಳಕಿಗೆ ಹಿಡಿದಳು, ಎಳೆದಳು, ಮಗುಚಿದಳು, ಥೇಟ್ ನನ್ನ ಹಾಗೆ.

“ಬಿಚ್ರಿ ಮೇಡಂ. ಇನ್ನೊಮ್ಮಿ ಹೊಲೀರಿ.”

ಬಿಚ್ಚಿದೆ. ಮತ್ತೆ ಹೊಲಿದೆ. ಈ ಸಲ ನೇರ ಬಂತು. ಅವಳು “ಪಾಸ್” ಎಂದು ತನ್ನ ಗುಂಡಿಯನ್ನು ನಡುಮನೆಗೆ ತಳ್ಳಿದಳು, ಬೆಲ್ ಹೊಡೆಯಿತು.

ಸೋಮವಾರ ಲೈನಿನಿಂದ ಯಂಕಮ್ಮನ ಮೊದಲ ಪ್ಯಾಂಟು ನನ್ನ ಮೇಜಿಗೆ ಬಂತು. ತಿರುವಿನಲ್ಲಿ ಒಂದು ಹೊಲಿಗೆ ಜಾರಿತ್ತು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಪ್ಯಾಂಟು ಹಿಡಿದು ಎದ್ದು, ಅವಳ ಮಿಷನ್ ತನಕ ಹೋಗಿ ಪಕ್ಕದಲ್ಲಿ ಕೂತೆ.