ವಿಭೂತಿ ಧರಿಸಿದ ಲಾರಿ

ಯಾವುದೇ ವಸ್ತುವಿನ ನಿಜವಾದ ಬೆಲೆ ಅದನ್ನು ಬಿಟ್ಟುಕೊಡುವ ಹೊತ್ತಿನಲ್ಲಿ ಮನುಷ್ಯನಿಗೆ ತಿಳಿಯುತ್ತದೆ. ಇದು ಬಹಳ ಗಂಭೀರವಾದ ಸತ್ಯ. ನಮ್ಮ ಲಾರಿಯ ವಿಷಯದಲ್ಲಿ ಈ ಸತ್ಯ ಕೆಲಸ ಮಾಡಲಿಲ್ಲ. ಮಾರಲು ಹೊರಟವನು ನಮ್ಮಣ್ಣ.

ಯುದ್ಧ ಮುಗಿದು ಮಿಲಿಟರಿಯವರು ತಮಗೆ ಬೇಡವಾದುದನ್ನೆಲ್ಲ ಹರಾಜಿಗೆ ಹಾಕಿದಾಗ ಅಣ್ಣ ತಂದ ಲಾರಿ ಅದು. ಐವತ್ತರ ದಶಕದ ಮೊದಲ ಕೆಲವು ವರ್ಷ ನಾನೇ ಅದನ್ನು ಓಡಿಸಿದೆ. ವೀರನಹೊಸಹಳ್ಳಿಯ ಕಡೆಯಿಂದ ಹುಣಸೂರಿಗೆ ಮರದ ದಿಮ್ಮಿ, ಬಿಡುವಿದ್ದಾಗ ಕೃಷ್ಣರಾಜನಗರದ ಭತ್ತ. ಆಮೇಲೆ ದಿಮ್ಮಿಯ ಗುತ್ತಿಗೆ ಬೇರೆಯವರ ಪಾಲಾಯಿತು. ಲಾರಿ ಒಂದು ಇಡೀ ಮಳೆಗಾಲ ನಮ್ಮ ಕಣದಲ್ಲಿ ನೆನೆಯುತ್ತ ನಿಂತಿತು. ಬಾಗಿಲುಗಳ ಮೇಲೆ ಅಲ್ಲಲ್ಲಿ ತುಕ್ಕು ಮೂಡಿತು. ತೊಗಲಿನ ಮೇಲೆ ಚಿಬ್ಬು ಎದ್ದ ಹಾಗೆ, ಮೇಲುಮೇಲಿನ ತುಕ್ಕು. ಒಳಗಿನ ತಗಡು ಗಟ್ಟಿಯಾಗಿತ್ತು.

ಬಾನೆಟ್ಟಿನ ಮೇಲಿನ ತುಕ್ಕಿನ ಕತೆ ಬೇರೆ. ಅದನ್ನು ತಂದದ್ದು ಮಳೆಯಲ್ಲ, ಭಕ್ತಿ. ಪ್ರತಿ ಸೋಮವಾರ ಅಣ್ಣ ಬಾನೆಟ್ಟಿಗೆ ತಂಬಿಗೆ ನೀರು ಹುಯ್ದು, ನಿಂಬೆಹಣ್ಣಿನಿಂದ ತಿಕ್ಕಿ, ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ಎಳೆಯುತ್ತಿದ್ದ. ವಾರ ತಪ್ಪದೆ ಇಷ್ಟು ಸೇವೆ ಮಾಡಿಸಿಕೊಂಡರೆ ಯಾವ ಬಣ್ಣ ತಾನೇ ನಿಂತೀತು? ಬಣ್ಣ ಎದ್ದುಹೋಯಿತು. ಬೆರಳಿನ ಜಾಡಿನಲ್ಲೇ ಮೂರು ಕೆಂಪು ಪಟ್ಟೆಗಳು ಎದ್ದವು. ಅಣ್ಣ ಅದನ್ನು ನೋಡಿ ಕೈಮುಗಿದ.

ಆ ವರ್ಷ ಲಾರಿ ಮಾರಲೇಬೇಕಿತ್ತು. ಹೊಗೆಸೊಪ್ಪು ಹಾಕುವುದೆಂದು ತೀರ್ಮಾನವಾಗಿತ್ತು. ಸೊಪ್ಪು ಬೇಯಿಸಲು ಬ್ಯಾರನ್ ಬೇಕು, ಅಂದರೆ ಒಳಗೆ ಬೆಂಕಿಯ ಕಾವು ಕೊಡುವ ಎತ್ತರದ ಗೋಡೆಯ ಮನೆ. ಲಾರಿ ಹೋದರೆ ಬ್ಯಾರನ್ ಏಳುತ್ತದೆ. ಏಳದಿದ್ದರೆ ಕೊಯ್ದ ಸೊಪ್ಪನ್ನು ಹೊತ್ತುಕೊಂಡು ಎದುರುಮನೆಯ ದಾಯಾದಿಯ ಬ್ಯಾರನ್ನಿಗೆ ಹೋಗಬೇಕು, ಅವನು ಅರ್ಧ ಪಾಲು ಕೇಳುತ್ತಾನೆ. ಅರ್ಧ ಹೋದರೂ ಹೋಗಲಿ, ಅವನ ಜಗಲಿ ಹತ್ತುವುದೆಂದರೆ ಅಣ್ಣನಿಗೆ ಸಾವಿಗೆ ಸಮ.

"ಮರಳು ಕಾಗದ ತಂದು ಉಜ್ಜಿ ಒಂದು ಕೈ ಬಣ್ಣ ಬಳೀತೀನಿ ಕಣಣ್ಣ. ಅರ್ಧ ದಿನದ ಕೆಲಸ," ಎಂದೆ.

"ಉದ್ಭವ ಆಗಿರೋದನ್ನ ಉಜ್ತಾನಂತೆ ಇವ್ನು," ಎಂದು ಅಣ್ಣ ಅತ್ತಿಗೆಯ ಕಡೆ ತಿರುಗಿದ.

"ನಮ್ಮ ರೊಟ್ಟಿ ಕಾವಲಿ ಮ್ಯಾಲೂ ಉದ್ಭವ ಆಗೈತೆ. ಅದ್ಕೂ ಒಸಿ ಕೈಮುಗೀರಿ," ಎಂದರು ಅತ್ತಿಗೆ.

ಯುಗಾದಿ ಕಳೆದ ಮೇಲೆ ಕೃಷ್ಣರಾಜನಗರದ ಅಕ್ಕಿ ಗಿರಣಿಯವರೊಬ್ಬರು ನೋಡಲು ಬಂದರು. ತುಕ್ಕಿನ ಆಳ ತಿಳಿಯಲು ಲೋಕದಲ್ಲಿ ಒಂದೇ ದಾರಿ: ಕೆರೆದು ನೋಡುವುದು. ಹೊಳಪು ಕಂಡರೆ ಅದು ಬರೀ ಮೈಮೇಲಿನದು. ಹಕ್ಕಳೆ ಎದ್ದು ತೂತು ಬಿದ್ದರೆ ತಗಡು ಸತ್ತಿದೆ. ಗಿರಣಿಯವರು ಉಡುದಾರದಲ್ಲಿದ್ದ ಬೀಗದ ಕೈ ತೆಗೆದು ಎರಡೂ ಬಾಗಿಲು ಕೆರೆದರು. ತಗಡು ಹೊಳೆಯಿತು. ಅವರ ಮುಖವೂ ತುಸು ಹೊಳೆಯಿತು. ಕೈ ಬಾನೆಟ್ಟಿನ ಕಡೆ ಹೋದದ್ದೇ ತಡ, ಅಣ್ಣ ಅವರ ಮಣಿಕಟ್ಟು ಹಿಡಿದ.

"ಅಲ್ಲಿ ಕಬ್ಬಿಣ ತಾಗಿಸ್ಬ್ಯಾಡಿ ಕಣ್ರೀ. ಅದು ಇಬೂತಿ ಪಟ್ಟೆ."

"ನಂಗೆ ತುಕ್ಕು ಕಾಣ್ತದಲ್ಲ ಯಜಮಾನ್ರೆ."

"ನೋಡೋ ಕಣ್ಣಿರಬೇಕು."

"ಕಣ್ಣು ನೆಟ್ಟಗವೆ. ಕೆರಿಯಕ್ಕೆ ಬಿಡದ ಜಾಗ ತೂತಾಗಿರ್ತದೆ, ಅಷ್ಟೆಯ," ಎಂದು ಅವರು ಬೀಗದ ಕೈಯನ್ನು ಸಿಕ್ಕಿಸಿಕೊಂಡು ಹೊರಟರು. ಗಟ್ಟಿ ತಗಡಿನ ಲಾರಿಗೆ ತೂತು ಲಾರಿ ಎಂಬ ಹೆಸರೂ ಅವರ ಜೊತೆಗೇ ಬಸ್ಸು ಹತ್ತಿತು.

ಆಮೇಲೆ ಹೆಗ್ಗಡದೇವನಕೋಟೆಯವರೆಗೆ ಯಾರನ್ನು ಕೇಳಿದರೂ "ಯಾವ್ದು, ಆ ಇಬೂತಿ ಲಾರಿನಾ?" ಎಂದು ನಗುತ್ತಿದ್ದರು. ಅಣ್ಣ ಇದನ್ನು ಕೀರ್ತಿ ಎಂದು ತಿಳಿದು ಬೆಲೆ ಏರಿಸಿದ. ಸಂಜೆ ಜಗಲಿಯ ಮೇಲೆ ಕೂತು, ಬೀದಿಗೆಲ್ಲ ಕೇಳುವಂತೆ, "ಅದ್ಕೆ ಬೆಲೆ ಕಟ್ಟೋನು ಇನ್ನೂ ಹುಟ್ಟಿಲ್ಲ ಕಣ್ಲಾ," ಎಂದು ನನಗೆ ಹೇಳುತ್ತಿದ್ದ. ಬೀದಿ ಕೇಳಿಸಿಕೊಂಡಿತು. ಅಷ್ಟರಲ್ಲಿ ಮಳೆ ಬಿತ್ತು, ಸಸಿ ನೆಟ್ಟೆವು, ಸೊಪ್ಪು ಬೆಳೆಯಿತು. ಸೊಪ್ಪಿಗೆ ಲಾರಿಯ ಮಹಿಮೆ ಗೊತ್ತಿರಲಿಲ್ಲವಾಗಿ ಅದು ಯಾರಿಗೂ ಕಾಯಲಿಲ್ಲ.

ಆಷಾಢದಲ್ಲಿ ಬುಡದ ಎಲೆಗಳು ಹಳದಿಗೆ ತಿರುಗುವ ಹೊತ್ತಿಗೆ ಪಿರಿಯಾಪಟ್ಟಣದ ಬೆಲ್ಲದ ವ್ಯಾಪಾರಿಯೊಬ್ಬರು ಬಂದರು. ನಮ್ಮ ಪೈಕಿಯವರೇ, ಹಣೆಯ ತುಂಬ ವಿಭೂತಿ. ಕಣದ ಆಚೆಯೇ ಜೋಡು ಬಿಟ್ಟು ಬಂದು, ಎರಡು ಕೈಯನ್ನೂ ಬಾನೆಟ್ಟಿನ ಮೇಲೆ ಊರಿ, ಹಣೆ ಹಚ್ಚಿ ಬಹಳ ಹೊತ್ತು ನಿಂತರು. ಅಣ್ಣನ ಕಣ್ಣು ತುಂಬಿ ಬಂತು. ಬೆಲೆ ಬಲ್ಲವನೊಬ್ಬ ಕೊನೆಗೂ ಹುಟ್ಟಿದನೆಂದು, ಎತ್ತು ಮಾರುವವರ ಪದ್ಧತಿಯಂತೆ ಕೈ ಮೇಲೆ ಟವೆಲ್ಲು ಹೊದಿಸಿ, ಅದರಡಿ ಬೆರಳು ಹಿಡಿದು ಬೆಲೆ ತಿಳಿಸಲು ಕೈ ಚಾಚಿದ. ಅವರು ಕೆಂಡ ಮುಟ್ಟಿದವರಂತೆ ಹಿಂದೆ ಸರಿದರು.

"ಶಿವ ಶಿವಾ. ಇದ್ಕೆ ಬೆಲೆ ಕಟ್ಟೋದಾ? ಬೆಲೆ ಕಟ್ಟೋನು ಹುಟ್ಟಿಲ್ಲ ಅಂತ ನೀವೇ ಹೇಳಿದ್ರಂತಲ್ಲ. ಎತ್ತಿನಂಗೆ ಬೆರಳು ಹಿಡ್ದು ಚೌಕಾಸಿ ಮಾಡುದ್ರೆ ನನ್ ನಾಲ್ಗೆ ಸೇದೋಗ್ತದೆ. ಕಾಣಿಕೆ ಮಡಗ್ತೀನಿ, ತಕ್ಕೊಳಿ."

ಎಲೆಯಡಿಕೆ, ತೆಂಗಿನಕಾಯಿಗಳ ನಡುವೆ ತಟ್ಟೆಯಲ್ಲಿ ಅವರು ಇಟ್ಟ ಹಣ ಒಂದು ಒಳ್ಳೆ ಜೋಡಿ ಎತ್ತಿಗೂ ಸಾಲದು. ಅಣ್ಣ ಬಾಯಿ ತೆರೆದ. "ಅಲ್ಲಾ, ಎಂಜಿನ್ನು..."

ಎದುರು ಜಗಲಿಯಿಂದ ದಾಯಾದಿ ಇಳಿದು ಬಂದಿದ್ದ. "ದೇವ್ರ ಒಡವೇಲಿ ಎಂಜಿನ್ನಿಗೆ ಬ್ಯಾರೆ ದುಡ್ಡು ಕೇಳ್ತಾರೇನಣ್ಣ? ತಕ್ಕೊ, ತಕ್ಕೊ. ಸೊಪ್ಪು ಬ್ಯಾರೆ ಹಣ್ಣಾಯ್ತಾ ಅದೆ."

ಊರೇ ನೋಡುತ್ತ ನಿಂತಿತ್ತು. ತನ್ನ ಬಾಯಿಂದಲೇ ದೇವರಾದುದನ್ನು ಅಷ್ಟು ಜನರ ಮುಂದೆ ಮತ್ತೆ ಲಾರಿ ಮಾಡುವ ಧೈರ್ಯ ಅಣ್ಣನಿಗೆ ಬರಲಿಲ್ಲ. ತಟ್ಟೆ ತೆಗೆದುಕೊಂಡ. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿ ಕೊಟ್ಟವನು ನಾನು.

ಮುಂದಿನ ತಿಂಗಳು ಪಿರಿಯಾಪಟ್ಟಣದಾಚೆಯ ಕೊಪ್ಪದ ಸಂತೆಯಲ್ಲಿ ಅದನ್ನು ಕಂಡೆ. ಬಾನೆಟ್ಟು ಉಜ್ಜಿ ನೀಲಿ ಬಣ್ಣ ಬಳಿದಿದ್ದರು. ಹಿಂದೆ ಕೇರಳದ ಕಡೆಯ ಒಣಮೀನಿನ ಮೂಟೆಗಳು. ನಮ್ಮ ಭಕ್ತರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು.

"ತಗಡು ಹೆಂಗೈತೆ?" ಎಂದೆ.

"ಬಂಗಾರದಂಗೈತೆ ಕಣಪ್ಪ. ಮ್ಯಾಲ್ಗಡೆ ಒಸಿ ತುಕ್ಕು, ಅಷ್ಟೆ. ಅವತ್ತು ಹಣೆ ಹಚ್ಚಿದ್ನಲ್ಲ, ಆವಾಗ್ಲೇ ಉಗುರಲ್ಲಿ ಕೆರ್ದು ನೋಡ್ಕಂಡಿದ್ದೆ."

ಕಾಣಿಕೆಯ ಹಣದಲ್ಲಿ ನಮ್ಮ ಬ್ಯಾರನ್ನಿನ ಗೋಡೆ ಸೊಂಟದ ಮಟ್ಟಕ್ಕೆ ಬಂದು ನಿಂತಿತು. ಆ ವರ್ಷದ ಸೊಪ್ಪು ದಾಯಾದಿಯ ಬ್ಯಾರನ್ನಿನಲ್ಲಿ ಅರ್ಧ ಪಾಲಿಗೆ ಬೆಂದಿತು.