ನೀಲಿ ಡಬ್ಬಿಯ ರೊಟ್ಟಿ

ಸಂಶಯ ನನ್ನ ಹುಟ್ಟುಗುಣ. ಹಾಲು ಹಾಕಿಸಿಕೊಳ್ಳುವಾಗಲೂ ಮಾಪಿನೊಳಗೆ ಇಣುಕುವವಳು ನಾನು. ಹಾಗಾಗಿ, ಇನ್ನು ಒಂದು ಹಿಡಿ ಕಸವೂ ಊರಾಚೆಯ ರಾಶಿಗೆ ಹೋಗಬಾರದೆಂದು ಶಹಾಪುರದ ನಮ್ಮ ಓಣಿಯವರು ತೀರ್ಮಾನಿಸಿದಾಗ, ಉಸ್ತುವಾರಿ ನನ್ನ ಕೊರಳಿಗೇ ಬಿತ್ತು. ನಿವೃತ್ತ ಶಿಕ್ಷಕಿ, ಬೇರೆ ಕೆಲಸವಿಲ್ಲ, ಕಣ್ಣು ಚುರುಕು. ಮನೆಮನೆಗೆ ಹೋಗಿ ಪಾಠ ಮಾಡಿದೆ: "ಹಸಿ ಇದ್ದದ್ದು ಹಸಿರು ಡಬ್ಬಿಗಿ, ಒಣಾ ಇದ್ದದ್ದು ನೀಲಿ ಡಬ್ಬಿಗಿ. ಇಷ್ಟ ನೆನಪಿಡ್ರಿ." ಹಸಿರು ಡಬ್ಬಿಯದು ಗೊಬ್ಬರದ ಗುಂಡಿಗೆ, ನೀಲಿಯದು ಗುಜರಿಗೆ.

ಎರಡನೇ ವಾರವೇ ಗುಜರಿಯವನು ಚೀಲ ವಾಪಸು ಕಳಿಸಿದ. ಕಾಗದ, ಪ್ಲಾಸ್ಟಿಕ್ಕಿನ ನಡುವೆ ಜೋಳದ ರೊಟ್ಟಿಯ ಚೂರುಗಳು, ಇಲಿ ಕಡಿದ ಗುರುತು. ತಪ್ಪು ಮಾಡಿದವರು ಎಚ್ಚರವಾಗಬಾರದೆಂದು ರೊಟ್ಟಿಯ ವಿಷಯ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಎದುರುಮನೆಯಾಕೆ ನನ್ನನ್ನು ಕಂಡೊಡನೆ ಡಬ್ಬಿಗೆ ಮುಚ್ಚಳ ಹಾಕಿದ್ದಳು. ಮೂಲೆ ಅಂಗಡಿಯವನು ಅತಿಯಾಗಿ ನಗುತ್ತಿದ್ದ. ಕೊನೆಗೆ ನನ್ನ ಕಣ್ಣು ನಿಂತದ್ದು ಕಸದ ಗಾಡಿ ತಳ್ಳಲು ಓಣಿಯವರೇ ಇಟ್ಟುಕೊಂಡಿದ್ದ ಹೆಂಗಸಿನ ಮೇಲೆ. ಬೇಗ ಮನೆಗೆ ಹೋಗಲು ಎರಡನ್ನೂ ಕೂಡಿಸಿ ಸುರಿಯುತ್ತಾಳೆ ಎಂದು ಖಾತ್ರಿ ಮಾಡಿಕೊಂಡು, ಅವಳನ್ನೇ ತಡೆದು ಕೇಳಿದೆ.

"ನಾ ಯಾಕ ಕೂಡಿಸ್ಲಿರಿ ಅಕ್ಕೋರ? ಬ್ಯಾರೆ ಮಾಡಿ ಮಾಡಿ ನನ್ನ ಉಗುರು ಸವದಾವ," ಎಂದಳು. ಉತ್ತರ ನಾಲಿಗೆಯ ತುದಿಯಲ್ಲೇ ಇದ್ದದ್ದು ನೋಡಿ ನನ್ನ ಸಂಶಯ ಇನ್ನೂ ಗಟ್ಟಿಯಾಯಿತು. ಮುಂದೆ ಏನೋ ಹೇಳಹೊರಟಳು, ನಾನು ಕೇಳಲಿಲ್ಲ. ಅವಳನ್ನು ಬಿಡಿಸಬೇಕೆಂಬ ನನ್ನ ಮಾತಿಗೆ ಓಣಿಯಲ್ಲಿ ಯಾರೂ ಎದುರಾಡಲಿಲ್ಲ. ಅವಳ ಕೆಲಸ ಹೋಯಿತು.

ಬೇರೆಯವರು ಸಿಗುವವರೆಗೆ ಗಾಡಿ ನಾನೇ ತಳ್ಳಿದೆ. ಮೊದಲ ದಿನವೇ ಎದುರುಮನೆಯಾಕೆ ನನ್ನ ಕಣ್ಣೆದುರೇ ನಾಲ್ಕು ಕಡಕ್ ರೊಟ್ಟಿ ಮುರಿದು ನೀಲಿ ಡಬ್ಬಿಗೆ ಹಾಕಿದಳು.

"ಇದೇನ ಮಾಡಾಕತ್ತೀ?"

"ಒಣಾ ರೊಟ್ಟಿರಿ. ಒಣಾ ಇದ್ದದ್ದು ನೀಲಿ ಡಬ್ಬಿಗಿ ಅಂತ ನೀವ ಹೇಳೀರಲ್ಲ? ಎಲ್ಲಾರ ಮನ್ಯಾಗೂ ಹಂಗ ಹಾಕ್ತೀವಿ. ಗಾಡಿಯಾಕಿ ಮೊದಲ ಆರಿಸಿ ಹಸಿರದಕ್ಕ ಹಾಕಾಕತ್ತಿದ್ಲು. ಅಕ್ಕೋರಗಿಂತ ನೀ ಶಾಣ್ಯಾಕೇನು ಅಂತ ನಾವ ಬೈದು ಆ ಆರಿಸೋದು ಬಿಡಿಸಿದ್ವಿ."

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಗಾಡಿಯನ್ನು ಅಲ್ಲೇ ಬಿಟ್ಟು ಕೆಲಸ ಕಳೆದುಕೊಂಡವಳ ಮನೆಗೆ ನಡೆದೆ. ಅವಳು ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ತಪ್ಪು ನನ್ನದು, ನಾಳೆಯಿಂದ ಬಾ ಎಂದೆ.

ಅವಳು ಮೊರ ಕೆಳಗಿಟ್ಟು, ನಾನು ಇಷ್ಟು ದಿನ ಎಲ್ಲರನ್ನೂ ನೋಡಿದ ಹಾಗೆಯೇ ನನ್ನನ್ನು ನೋಡಿದಳು.

"ಖರೇ ಹೇಳಾಕತ್ತೀರೇನ್ರಿ ಅಕ್ಕೋರ?"